ಗ್ರಂಥಋಣ: ಒಂದು ಸಾಲಿನ ಹಿಂದಿನ ಚರಿತ್ರೆ

1977ರಲ್ಲಿ ಬೆಂಗಳೂರಿನಿಂದ ಹೊರಡುವ ‘ಪ್ರಮಾಣ’ ಎಂಬ ಭೌತವಿಜ್ಞಾನ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಹತ್ತು ಪುಟಗಳ ಪ್ರಬಂಧವೊಂದು ಅಚ್ಚಾಯಿತು. ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅದರ ಲೇಖಕರು. ಆ ತನಕ ಪರಿಚಿತವಾಗಿದ್ದ ದ್ರವ ಸ್ಫಟಿಕಗಳ ಅಣುಗಳು ಸಾಮಾನ್ಯವಾಗಿ ಕಡ್ಡಿಯಂತೆ ಉದ್ದನೆಯವು. ನಾಣ್ಯದಂತೆ ಚಪ್ಪಟೆಯಾದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂಬುದನ್ನು ಈ ಮೂವರು ಪ್ರಯೋಗದಿಂದ ತೋರಿಸಿಕೊಟ್ಟರು. ವಿಜ್ಞಾನದ ಹೊಸ ಶಾಖೆಯೊಂದಕ್ಕೆ ಅದು ಬಾಗಿಲು ತೆರೆಯಿತು.

‘ಪ್ರಮಾಣ’ ಪತ್ರಿಕೆಗೆ ಆಗ ಕೇವಲ ನಾಲ್ಕು ವರ್ಷ. ಎಲ್ಲೋ ಜಪಾನಿನಲ್ಲೋ ಜರ್ಮನಿಯಲ್ಲೋ ಕುಳಿತ ವಿಜ್ಞಾನಿಗೆ ಬೆಂಗಳೂರಿನ ಆ ಹತ್ತು ಪುಟಗಳು ಸಿಗುವುದು ಹೇಗೆ? ಆ ವಿಷಯದ ಬೇರೆ ಪ್ರಬಂಧಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಒಂದೇ ಒಂದು ಸಾಲು ಅದಕ್ಕೆ ದಾರಿ ತೋರುತ್ತದೆ:

‘ಚಂದ್ರಶೇಖರ್ ಎಸ್, ಸದಾಶಿವ ಬಿಕೆ, ಸುರೇಶ್ ಕೆಎ. ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕಗಳು. ಪ್ರಮಾಣ. 1977;9:471-80.’

ಮೊದಲು ಲೇಖಕರು, ನಂತರ ಶೀರ್ಷಿಕೆ, ಪತ್ರಿಕೆ, ವರ್ಷ. ಅರ್ಧವಿರಾಮದ ನಂತರದ 9 ಎಂಬುದು ಸಂಪುಟ. ಎರಡು ಚುಕ್ಕೆಗಳ ನಂತರದ್ದು ಪುಟ. ಗ್ರಂಥಪಾಲಕನಿಗೆ ಈ ಸಾಲು ಕೊಟ್ಟರೆ ಸಾಕು, ಕಪಾಟಿನಿಂದ ಆ ಪುಟ ಕೈಗೆ ಬರುತ್ತದೆ.

ಸಂಶೋಧನಾ ಪ್ರಬಂಧ ಬರೆಯುವವರಿಗೆ ಈ ಸಾಲಿನಷ್ಟು ಬೇಸರ ತರಿಸುವ ಕೆಲಸ ಇನ್ನೊಂದಿಲ್ಲ. ಪ್ರಯೋಗ ಮುಗಿದು, ಬರವಣಿಗೆ ಮುಗಿದ ಮೇಲೂ ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ, ಯಾವ ಅಕ್ಷರ ಓರೆ, ಯಾವುದು ದಪ್ಪ ಎಂಬ ಗೊಂದಲದಲ್ಲಿ ದಿನಗಳು ಕಳೆಯುತ್ತವೆ. ಆದರೆ ಈ ನಿಯಮಗಳು ಯಾರದೋ ಹಟದಿಂದ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಒಂದು ಕಾಲದ ನಿಜವಾದ ತೊಡಕಿದೆ. ಕನ್ನಡದ ಪುಸ್ತಕಗಳು ಇಂಥ ಪಟ್ಟಿಗೆ ‘ಗ್ರಂಥಋಣ’ ಎಂಬ ತಲೆಬರಹ ಕೊಡುವುದುಂಟು. ಸಾಲ ಯಾರದು, ಎಷ್ಟು, ಎಲ್ಲಿಂದ ತಂದದ್ದು ಎಂಬುದನ್ನು ತಪ್ಪಿಲ್ಲದೆ ಬರೆದಿಡುವ ಕ್ರಮವೇ ಈ ನಿಯಮಗಳ ತಿರುಳು.

ಹೆಸರಿದೆ, ವಿಳಾಸವಿಲ್ಲ

ಹಿಂದಿನವರನ್ನು ಹೆಸರಿಸುವ ಪದ್ಧತಿ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯ ಲೇಖಕರನ್ನು ನೆನೆಯುತ್ತದೆ. ಆದರೆ ಅವರ ಕನ್ನಡ ಗದ್ಯ ಕೃತಿಗಳು ಇಂದು ದೊರೆಯುವುದಿಲ್ಲ. ಋಣದ ಸ್ಮರಣೆ ಉಳಿದಿದೆ, ಋಣದ ಮೂಲ ಉಳಿದಿಲ್ಲ.

ಓಲೆಗರಿಯ ಕಾಲದಲ್ಲಿ ‘ಇಂಥ ಪುಟ ನೋಡಿ’ ಎನ್ನುವುದು ಸಾಧ್ಯವೂ ಇರಲಿಲ್ಲ. ಒಂದೇ ಕೃತಿಯ ಎರಡು ಪ್ರತಿಗಳಲ್ಲಿ ಒಂದೇ ಗರಿಗೆ ಒಂದೇ ಪದ್ಯ ಬೀಳಬೇಕೆಂದೇನೂ ಇಲ್ಲ. ಹಾಗಾಗಿ ಅಧ್ಯಾಯ, ಶ್ಲೋಕ, ಸೂತ್ರಗಳ ಸಂಖ್ಯೆಯೇ ವಿಳಾಸವಾಗಿತ್ತು. ಅಚ್ಚಿನ ಯಂತ್ರ ಬಂದ ಮೇಲೆ ಚಿತ್ರ ಬದಲಾಯಿತು. ಒಂದೇ ಮುದ್ರಣದ ಸಾವಿರ ಪ್ರತಿಗಳಲ್ಲಿಯೂ 471ನೆಯ ಪುಟ ಒಂದೇ. ಪುಟಸಂಖ್ಯೆ ಎಂಬುದು ಊರಿಂದೂರಿಗೆ ಬದಲಾಗದ ವಿಳಾಸವಾಯಿತು.

1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಹೊರತಂದರು. ವಿಜ್ಞಾನ ಪತ್ರಿಕೆಗಳ ಪರಂಪರೆ ಬೆಳೆದದ್ದು ಅಲ್ಲಿಂದ. ಪತ್ರಿಕೆ ಎಂದ ಮೇಲೆ ಸಂಪುಟ, ವರ್ಷ, ಪುಟಗಳ ಲೆಕ್ಕ ತಾನಾಗಿಯೇ ಬಂತು. ಯಾವ ಸಂಗತಿಯನ್ನು ಯಾರು ಮೊದಲು ಹೇಳಿದರು ಎಂಬ ಜಗಳಕ್ಕೆ ತೀರ್ಪು ಕೊಡಲು ಅಚ್ಚಾದ ದಿನಾಂಕ ಸಾಕ್ಷಿಯಾಯಿತು. ಆದರೂ ಆಕರವನ್ನು ಹೇಳುವ ಕ್ರಮ ಒಬ್ಬೊಬ್ಬರದು ಒಂದೊಂದು ಬಗೆಯಾಗಿತ್ತು. ಕೆಲವರು ವಾಕ್ಯದ ನಡುವೆಯೇ ಹೇಳುತ್ತಿದ್ದರು, ಕೆಲವರು ಅಡಿಟಿಪ್ಪಣಿಯಲ್ಲಿ ಅರೆಬರೆ ಬರೆಯುತ್ತಿದ್ದರು.

ಬಸವನಹುಳು ತಂದ ಪದ್ಧತಿ

ಇದಕ್ಕೊಂದು ಕ್ರಮ ತಂದವರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಮುಖ್ಯರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಅವರು 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯ ಬೆಳವಣಿಗೆ ಕುರಿತು ನಾನೂರಕ್ಕೂ ಹೆಚ್ಚು ಪುಟಗಳ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಹಿಂದಿನವರ ಕೆಲಸವನ್ನು ಹೇಳುವಾಗ ಆವರಣದೊಳಗೆ ಲೇಖಕನ ಹೆಸರು ಮತ್ತು ವರ್ಷವನ್ನಷ್ಟೇ ಇಟ್ಟರು. ಪೂರ್ಣ ವಿವರವನ್ನು ಕೊನೆಯ ಪಟ್ಟಿಯಲ್ಲಿ ಕೊಟ್ಟರು. ಓದುಗರಿಗೆ ಇದು ಹೊಸದೆಂದು ಅಡಿಟಿಪ್ಪಣಿಯಲ್ಲಿ ವಿವರಣೆಯನ್ನೂ ಸೇರಿಸಿದರು.

ಮುಂದೆ ‘ಹಾರ್ವರ್ಡ್ ಪದ್ಧತಿ’ ಎಂದು ಹೆಸರಾದದ್ದು ಇದೇ. 1988ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನ ಲೇಖನವೊಂದು ಈ ಮೂಲವನ್ನು ಹುಡುಕಿ ತೆಗೆಯಿತು. ಈ ಪದ್ಧತಿಯಲ್ಲಿ ನಮ್ಮ ಬೆಂಗಳೂರಿನ ಪ್ರಬಂಧವನ್ನು ವಾಕ್ಯದ ನಡುವೆ ‘ಚಂದ್ರಶೇಖರ್ ಮತ್ತು ಇತರರು, 1977’ ಎಂದು ಹೇಳಬೇಕು. ಯಾರು, ಯಾವಾಗ ಎಂಬುದು ಅಲ್ಲಿಯೇ ತಿಳಿಯುತ್ತದೆ. ಜೀವವಿಜ್ಞಾನ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳು ಇದನ್ನು ಮೆಚ್ಚಿಕೊಂಡವು.

ಭೌತವಿಜ್ಞಾನಿಗಳು ಹಿಡಿದ ದಾರಿ ಬೇರೆ. ಅವರು ಬಹಳ ಕಾಲ ಶೀರ್ಷಿಕೆಯನ್ನೇ ಬಿಟ್ಟುಬಿಟ್ಟರು. ‘ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್, ಪ್ರಮಾಣ 9, 471 (1977)’ ಎಂದರೆ ಅವರಿಗೆ ಮುಗಿಯಿತು. ಕಾಗದ ಉಳಿಯಿತು, ಅಚ್ಚಿನ ಖರ್ಚು ಉಳಿಯಿತು. ಆದರೆ ಒಂದು ಅಂಕಿ ತಪ್ಪಿದರೆ ಸರಿಪಡಿಸಿಕೊಳ್ಳಲು ಶೀರ್ಷಿಕೆಯ ಆಸರೆಯೂ ಇರುವುದಿಲ್ಲ.

ವ್ಯಾಂಕೂವರಿನ ಒಪ್ಪಂದ

ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಪತ್ರಿಕೆಗಳು ಸಾವಿರಗಟ್ಟಲೆ ಬೆಳೆದವು. ಒಂದೊಂದಕ್ಕೂ ಒಂದೊಂದು ನಿಯಮ. ಇದರ ಹೊರೆ ಬಿದ್ದದ್ದು ಬೆರಳಚ್ಚು ಯಂತ್ರದ ಮುಂದೆ ಕುಳಿತವರ ಮೇಲೆ. ಪ್ರಬಂಧವನ್ನು ಒಂದು ಪತ್ರಿಕೆ ತಿರಸ್ಕರಿಸಿದರೆ ಇನ್ನೊಂದಕ್ಕೆ ಕಳಿಸುವ ಮುನ್ನ ಉಲ್ಲೇಖಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಹೊಡೆಯಬೇಕು. ವಿಜ್ಞಾನದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ, ಬದಲಾದದ್ದು ಬರೀ ವಿರಾಮ ಚಿಹ್ನೆಗಳು.

ಈ ಗೋಳು ತಪ್ಪಿಸಲು 1978ರ ಜನವರಿಯಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದರು. ಹಸ್ತಪ್ರತಿ ಹೇಗಿರಬೇಕೆಂಬ ಸಮಾನ ನಿಯಮಾವಳಿಯನ್ನು ರೂಪಿಸಿ 1979ರಲ್ಲಿ ಪ್ರಕಟಿಸಿದರು. ಅದರ ಉಲ್ಲೇಖ ಕ್ರಮ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಸಿದ್ಧಪಡಿಸಿದ್ದು. ಈ ಬಳಗವೇ ಮುಂದೆ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು.

‘ವ್ಯಾಂಕೂವರ್ ಪದ್ಧತಿ’ ಎಂಬುದು ಸರಳ. ವಾಕ್ಯದಲ್ಲಿ ಮೊದಲು ಬಂದ ಆಕರಕ್ಕೆ 1, ಎರಡನೆಯದಕ್ಕೆ 2. ಕೊನೆಯ ಪಟ್ಟಿಯೂ ಅದೇ ಸರದಿಯಲ್ಲಿ. ಓದಿನ ಓಟಕ್ಕೆ ಅಡ್ಡಿಯಿಲ್ಲ. ಅದರ ದೋಷವೂ ಸರಳವೇ. ಐದನೆಯ ಜಾಗದಲ್ಲಿ ಹೊಸದೊಂದು ಆಕರ ಸೇರಿದರೆ ಮುಂದಿನ ಸಂಖ್ಯೆಗಳನ್ನೆಲ್ಲ ತಿದ್ದಬೇಕು. ಒಂದನ್ನು ಮರೆತರೂ ಒಬ್ಬರ ಮಾತು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ. ಹಾರ್ವರ್ಡ್ ಪದ್ಧತಿಯಲ್ಲಿ ಈ ಭಯವಿಲ್ಲ, ಆದರೆ ಆವರಣಗಳು ಹೆಚ್ಚಿ ವಾಕ್ಯ ಕುಂಟುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬ ವಾದ ಇನ್ನೂ ಮುಗಿದಿಲ್ಲ.

ಎಣಿಕೆ ಶುರುವಾಯಿತು

ಈ ಪಟ್ಟಿಗಳನ್ನು ಯಾರಾದರೂ ಎಣಿಸಿ ನೋಡಿದರೆ? 1927ರಲ್ಲಿ ಅಮೆರಿಕದ ಪೊಮೋನಾ ಕಾಲೇಜಿನ ಗ್ರಾಸ್ ದಂಪತಿ ಮಾಡಿದ್ದು ಅದನ್ನೇ. ಚಿಕ್ಕ ಕಾಲೇಜಿನ ಗ್ರಂಥಾಲಯ ತನ್ನ ಅಲ್ಪ ಹಣದಲ್ಲಿ ಯಾವ ರಸಾಯನವಿಜ್ಞಾನ ಪತ್ರಿಕೆಗಳನ್ನು ತರಿಸಬೇಕು ಎಂಬುದು ಅವರ ಪ್ರಶ್ನೆ. ಹೆಸರಾಂತ ಪತ್ರಿಕೆಯೊಂದರ ಒಂದು ವರ್ಷದ ಉಲ್ಲೇಖಗಳನ್ನು ಎಣಿಸಿ, ಹೆಚ್ಚು ಬಾರಿ ಹೆಸರಿಸಲಾದ ಪತ್ರಿಕೆಗಳನ್ನು ಅವರು ಗುರುತಿಸಿದರು.

ಈ ಎಣಿಕೆಗೆ ದೊಡ್ಡ ರೂಪ ಕೊಟ್ಟವರು ಯೂಜೀನ್ ಗಾರ್ಫೀಲ್ಡ್. ಅವರಿಗೆ ಮಾದರಿಯಾದದ್ದು ವಕೀಲರ ಒಂದು ಸಾಧನ. ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ತೋರಿಸುವ ಸೂಚಿಯನ್ನು ಫ್ರಾಂಕ್ ಶೆಪರ್ಡ್ ಎಂಬವರು 1873ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಆರಂಭಿಸಿದ್ದರು. ವಿಜ್ಞಾನಕ್ಕೂ ಅಂಥದೊಂದು ಸೂಚಿ ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1960ರ ದಶಕದ ಮೊದಲ ಭಾಗದಲ್ಲಿ ಅವರ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರಬಂತು. ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬುದು ಮೊದಲ ಬಾರಿಗೆ ಒಂದೆಡೆ ಸಿಕ್ಕಿತು.

ಹುಡುಕಾಟಕ್ಕೆ ಹುಟ್ಟಿದ ಸಾಧನ ಬಹುಬೇಗ ತಕ್ಕಡಿಯಾಯಿತು. ಎಷ್ಟು ಮಂದಿ ಉಲ್ಲೇಖಿಸಿದರು ಎಂಬುದರ ಮೇಲೆ ವಿಜ್ಞಾನಿಯ ಬೆಲೆ, ಪತ್ರಿಕೆಯ ಬೆಲೆ ಕಟ್ಟುವುದು ರೂಢಿಯಾಯಿತು. ಭಾರತದಲ್ಲಿ ಯುಜಿಸಿ 2010ರಲ್ಲಿ ತಂದ ನಿಯಮಗಳು ಅಧ್ಯಾಪಕರ ಬಡ್ತಿಗೆ ಅಂಕ ನಿಗದಿ ಮಾಡಿದಾಗ, ಇಂಥ ಎಣಿಕೆಯಿಂದ ಬರುವ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಹೆಚ್ಚಿರುವ ಪತ್ರಿಕೆಯ ಪ್ರಬಂಧಕ್ಕೆ ಹೆಚ್ಚಿನ ಅಂಕ ಕೊಟ್ಟವು. ಉಲ್ಲೇಖದ ಸಾಲು ಹೀಗೆ ಸಂಬಳದ ಚೀಟಿಯವರೆಗೂ ಬಂತು. ಇನ್ನು ಆ ಸಾಲಿನಲ್ಲಿ ಒಂದು ಹೆಸರು ತಪ್ಪಿದರೆ ನಷ್ಟ ಬರೀ ವ್ಯಾಕರಣದ್ದಲ್ಲ.

ಇಬ್ಬರು ಚಂದ್ರಶೇಖರರು

ಹೆಸರಿನ ಸಮಸ್ಯೆ ದಕ್ಷಿಣ ಭಾರತದವರಿಗೆ ಚೆನ್ನಾಗಿ ಗೊತ್ತು. ಉಲ್ಲೇಖದ ನಿಯಮಗಳು ಪಶ್ಚಿಮದ ಹೆಸರುಗಳಿಗೆ ಹೊಲಿದ ಅಂಗಿ. ಅಲ್ಲಿ ಕೊನೆಯದು ಮನೆತನದ ಹೆಸರು, ಮೊದಲಿನದು ವ್ಯಕ್ತಿಯ ಹೆಸರು. ಕನ್ನಡನಾಡಿನ ಹಲವರಿಗೆ ಮನೆತನದ ಹೆಸರೇ ಇರುವುದಿಲ್ಲ. ಮುಂದಿನ ಅಕ್ಷರಗಳು ಊರಿನದು, ತಂದೆಯದು. ಕೊನೆಯದೇ ಇಟ್ಟ ಹೆಸರು. ಪ್ರಬಂಧದಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಹಿಂದಕ್ಕೆ ಬಂದು ಇನ್ನೊಂದು ಬಗೆ. ಪರದೇಶಕ್ಕೆ ಹೋಗಿ ಬರೆದ ಪ್ರಬಂಧ ಇನ್ನೊಬ್ಬರದೇ ಎಂಬಂತೆ ಬೇರೆ ಹೆಸರಿನಡಿ ಕೂರುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಮಹಿಳೆಯರ ಪಾಡೂ ಇದೇ.

ಇದಕ್ಕೆ ತಿರುಗುಮುರುಗಾದ ತೊಡಕೂ ಇದೆ. ‘ಚಂದ್ರಶೇಖರ್ ಎಸ್’ ಎಂಬ ಲೇಖಕ ಯಾರು? ನಕ್ಷತ್ರಗಳ ಅಧ್ಯಯನಕ್ಕೆ 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆಗಿರಬಹುದು. ಬೆಂಗಳೂರಿನಲ್ಲಿ ದ್ರವ ಸ್ಫಟಿಕಗಳ ಮೇಲೆ ಕೆಲಸ ಮಾಡಿದ ಶಿವರಾಮಕೃಷ್ಣ ಚಂದ್ರಶೇಖರ್ ಆಗಿರಬಹುದು. ಮೊದಲಿನವರು ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ, ಎರಡನೆಯವರು ಸೋದರಿಯ ಮಗ. ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ರಾಯಲ್ ಸೊಸೈಟಿಯ ಸದಸ್ಯರು. ಪಟ್ಟಿಯಲ್ಲಿ ಇಬ್ಬರ ಹೆಸರೂ ಅಕ್ಷರ ಬಿಡದೆ ಒಂದೇ. ವಿಷಯ ಬಲ್ಲವರಿಗೆ ಗೊಂದಲವಿಲ್ಲ, ಆದರೆ ಎಣಿಸುವ ಯಂತ್ರಕ್ಕೆ ನಕ್ಷತ್ರವೂ ಒಂದೇ, ಸ್ಫಟಿಕವೂ ಒಂದೇ.

ಎರಡನೆಯ, ಮೂರನೆಯ ಲೇಖಕರ ಪಾಡು ಬೇರೆ. ಗಾರ್ಫೀಲ್ಡ್ ಅವರ ಮುದ್ರಿತ ಸೂಚಿಯಲ್ಲಿ ಉಲ್ಲೇಖಿತ ಪ್ರಬಂಧಗಳನ್ನು ಜೋಡಿಸಿದ್ದು ಮೊದಲ ಲೇಖಕನ ಹೆಸರಿನಡಿ ಮಾತ್ರ. ಹಾರ್ವರ್ಡ್ ಪದ್ಧತಿಯ ‘ಮತ್ತು ಇತರರು’ ಎಂಬ ಎರಡು ಪದಗಳಲ್ಲಿ ಸದಾಶಿವ, ಸುರೇಶ್ ಅಡಗಿಹೋಗುತ್ತಾರೆ. ಹಾಗೆಂದು ಎಲ್ಲರನ್ನೂ ಬರೆಯುವುದು ಎಲ್ಲ ಕಡೆಯೂ ಸಾಧ್ಯವಿಲ್ಲ. 2015ರಲ್ಲಿ ಸರ್ನ್ ಪ್ರಯೋಗಾಲಯದ ವಿಜ್ಞಾನಿಗಳು ಪ್ರಕಟಿಸಿದ ಒಂದು ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ!

ಈ ಗೊಂದಲಕ್ಕೆ ಪರಿಹಾರವಾಗಿ 2012ರಲ್ಲಿ ‘ಆರ್ಕಿಡ್’ ಎಂಬ ವ್ಯವಸ್ಥೆ ಬಂತು. ಪ್ರತಿ ಸಂಶೋಧಕನಿಗೂ ಹದಿನಾರು ಅಂಕಿಗಳ ಗುರುತು ಸಂಖ್ಯೆ. ಹೆಸರು ಹೇಗೆ ಬರೆದರೂ ಸಂಖ್ಯೆ ಬದಲಾಗದು. ಪ್ರಬಂಧಗಳಿಗೂ ಇಂಥದೇ ಸಂಖ್ಯೆಯುಂಟು. ‘ಡಿಓಐ’ ಎಂಬ ಈ ಗುರುತನ್ನು ಪ್ರಕಾಶಕರು ಕ್ರಾಸ್‌ರೆಫ್ ಎಂಬ ಸಂಸ್ಥೆಯ ಮೂಲಕ 2000ದಿಂದ ವ್ಯಾಪಕವಾಗಿ ಬಳಕೆಗೆ ತಂದರು. ಪತ್ರಿಕೆಯ ಜಾಲತಾಣದ ವಿಳಾಸ ಬದಲಾದರೂ ಈ ಸಂಖ್ಯೆ ಹಿಡಿದು ಹೋದರೆ ಪ್ರಬಂಧ ಸಿಗುತ್ತದೆ. ಓಲೆಗರಿಯ ಶ್ಲೋಕಸಂಖ್ಯೆ, ಅಚ್ಚಿನ ಪುಟಸಂಖ್ಯೆ ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತಿದೆ.

ಓದದೆ ಹೊತ್ತ ಋಣ

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ಒಂದು ಪ್ರಶ್ನೆ ಉಳಿಯುತ್ತದೆ. ಪಟ್ಟಿಯಲ್ಲಿರುವುದನ್ನು ಲೇಖಕರು ನಿಜಕ್ಕೂ ಓದಿರುತ್ತಾರೆಯೇ?

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಇದನ್ನು ಪತ್ತೆಹಚ್ಚಲು ಜಾಣ ಉಪಾಯ ಹೂಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನ ಹಿಡಿದದ್ದು ಅಚ್ಚಿನ ತಪ್ಪುಗಳ ಜಾಡನ್ನು. ಭೌತವಿಜ್ಞಾನದ ಪ್ರಸಿದ್ಧ ಪ್ರಬಂಧವೊಂದಕ್ಕೆ ಬಂದಿದ್ದ ಸುಮಾರು 4,300 ಉಲ್ಲೇಖಗಳಲ್ಲಿ 196 ತಪ್ಪಾಗಿದ್ದವು. ಒಬ್ಬೊಬ್ಬರೂ ಸ್ವತಃ ತಪ್ಪಿದ್ದರೆ ತಪ್ಪುಗಳೂ ಹೆಚ್ಚುಕಡಿಮೆ ಅಷ್ಟೇ ಬಗೆಯಾಗಿರಬೇಕಿತ್ತು. ಸಿಕ್ಕಿದ್ದು 45 ಬಗೆ ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು 78 ಕಡೆ ಮರುಕಳಿಸಿತ್ತು. ಮೂಲವನ್ನು ತೆರೆಯದೆ ಇನ್ನೊಬ್ಬರ ಪಟ್ಟಿಯಿಂದ ಸಾಲನ್ನು ನಕಲು ಮಾಡಿಕೊಂಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಐವರಲ್ಲಿ ಒಬ್ಬರಷ್ಟೇ ಎಂದು ಅವರು ಅಂದಾಜು ಕಟ್ಟಿದರು.

ಇನ್ನೊಂದು ಪ್ರಸಂಗವಂತೂ ನಗೆಯುಕ್ಕಿಸುವಂಥದ್ದು. ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆ ಕೊಡುವ ಸೂಚನೆಗಳಲ್ಲಿ ಉಲ್ಲೇಖ ಹೇಗಿರಬೇಕೆಂದು ತೋರಿಸಲು ಒಂದು ಮಾದರಿ ಸಾಲು ಕಲ್ಪಿಸಿತ್ತು. ವಿಜ್ಞಾನ ಲೇಖನ ಬರೆಯುವ ಕಲೆ ಕುರಿತು 2000ದಲ್ಲಿ ಬಂದ ಪ್ರಬಂಧ ಎಂದು ಆ ಸಾಲು ಹೇಳುತ್ತಿತ್ತು. ಅಂಥ ಪ್ರಬಂಧವೂ ಇಲ್ಲ, ಅಂಥ ಪತ್ರಿಕೆಯೂ ಇಲ್ಲ. ಆದರೂ ಸುಮಾರು ನಾನೂರು ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದವು! ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಪೀಟರ್ ಕ್ರೂನೆನ್‌ಬರ್ಗ್ ಅವರ ಕಣ್ಣಿಗೆ ಇದು ಬಿದ್ದು, 2017ರಲ್ಲಿ ವಿಷಯ ಬಯಲಾಯಿತು. ಬಹುಪಾಲು ಲೇಖಕರು ಮಾದರಿ ಕಡತದಲ್ಲಿದ್ದ ಸಾಲನ್ನು ಅಳಿಸಲು ಮರೆತಿದ್ದರೆಂದು ತೋರುತ್ತದೆ. ರೂಪ ಮಾತ್ರ ಕರಾರುವಾಕ್ಕಾಗಿತ್ತು, ಅಲ್ಪವಿರಾಮವೂ ತಪ್ಪಿರಲಿಲ್ಲ.

ಈಗಿನ ಕಾಲದಲ್ಲಿ ಪಟ್ಟಿಯನ್ನು ಕೈಯಾರೆ ಜೋಡಿಸುವ ಕಷ್ಟ ಬಹಳಮಟ್ಟಿಗೆ ತಗ್ಗಿದೆ. 1980ರ ದಶಕದ ‘ಬಿಬ್‌ಟೆಕ್’, ‘ಎಂಡ್‌ನೋಟ್’, 2006ರ ‘ಜೊಟೆರೊ’ ಮುಂತಾದ ತಂತ್ರಾಂಶಗಳು ಒಂದು ಗುಂಡಿ ಒತ್ತಿದರೆ ಹಾರ್ವರ್ಡನ್ನು ವ್ಯಾಂಕೂವರ್ ಮಾಡಿಕೊಡುತ್ತವೆ. ಇಂಥ ತಂತ್ರಾಂಶಗಳು ಬಳಸುವ ಶೈಲಿಗಳ ಸಂಗ್ರಹವೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶೈಲಿಗಳಿವೆ. ಅವುಗಳಲ್ಲಿ ಎಷ್ಟೋ ಒಂದರ ಪಡಿಯಚ್ಚು ಇನ್ನೊಂದು, ಪತ್ರಿಕೆಯ ಹೆಸರು ಮಾತ್ರ ಬೇರೆ. ಆದರೂ ಒಂದೇ ನಿಯಮ ಸಾಕೆಂದು ವ್ಯಾಂಕೂವರಿನಲ್ಲಿ ಸೇರಿದ್ದವರು ಇದನ್ನು ಕಂಡರೆ ಏನೆನ್ನುತ್ತಿದ್ದರೋ! ಸಮಾಧಾನದ ಸಂಗತಿಯೆಂದರೆ, 2010ರ ದಶಕದಿಂದೀಚೆಗೆ ಹಲವು ಪತ್ರಿಕೆಗಳು ಮೊದಲ ಬಾರಿ ಕಳಿಸುವಾಗ ಯಾವ ಶೈಲಿಯಾದರೂ ಸರಿ, ವಿವರ ಪೂರ್ಣವಾಗಿದ್ದರೆ ಸಾಕು ಎನ್ನತೊಡಗಿವೆ.

ಆದರೆ ಯಂತ್ರ ಹೊಸ ಅಪಾಯವನ್ನೂ ತಂದಿದೆ. 2022ರ ಕೊನೆಯಲ್ಲಿ ಬಳಕೆಗೆ ಬಂದ ಚಾಟ್‌ಜಿಪಿಟಿಯಂಥ ತಂತ್ರಾಂಶಗಳು ಇಲ್ಲದ ಲೇಖಕ, ಇಲ್ಲದ ಪುಟಗಳನ್ನು ಸೇರಿಸಿ ಅಚ್ಚುಕಟ್ಟಾದ ಉಲ್ಲೇಖ ಹೆಣೆದುಕೊಡುವುದುಂಟು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಕೀಲರು ಹೀಗೆ ಹುಟ್ಟಿದ ತೀರ್ಪುಗಳನ್ನು ಮುಂದಿಟ್ಟು 5,000 ಡಾಲರ್ ದಂಡ ತೆತ್ತರು. ವಿಜ್ಞಾನದ ಪ್ರಬಂಧಗಳಿಗೂ ಈ ಕಾಯಿಲೆ ಹರಡಿದೆ.

ಸಾಲಿನ ರೂಪ ಸರಿಯಿದ್ದ ಮಾತ್ರಕ್ಕೆ ಸಾಲು ಸತ್ಯವಾಗುವುದಿಲ್ಲ ಎಂಬುದನ್ನು ಈ ಪ್ರಸಂಗಗಳು ಹೇಳುತ್ತವೆ. ಹಾಗೆಂದು ರೂಪ ಬೇಡವೆನ್ನುವಂತೆಯೂ ಇಲ್ಲ. ಪೂರ್ಣ ವಿಳಾಸ ಬರೆದಿದ್ದರೆ ತಾನೇ ಆ ಮನೆ ಅಲ್ಲಿ ಇದೆಯೋ ಇಲ್ಲವೋ ಎಂದು ಹೋಗಿ ನೋಡಲು ಸಾಧ್ಯ? ಸುಳ್ಳು ಸಿಕ್ಕಿಬೀಳುವುದು ಕೂಡ ಪುಟಸಂಖ್ಯೆ ಇರುವುದರಿಂದಲೇ.

1977ರ ಆ ಸಾಲನ್ನು ಇಂದು ಹಿಡಿದು ಹೊರಟವರಿಗೆ ‘ಪ್ರಮಾಣ’ದ ಒಂಬತ್ತನೆಯ ಸಂಪುಟ, 471ನೆಯ ಪುಟ ಸಿಗುತ್ತದೆ. ಮೂವರು ಲೇಖಕರ ಹೆಸರೂ ಅಲ್ಲಿದೆ, ಅವರು ಯಾರಿಗೆ ಋಣಿಗಳೆಂಬ ಪಟ್ಟಿಯೂ ಅಲ್ಲಿದೆ. ಪತ್ರಿಕೆಗೆ ಆ ಹೆಸರು ಬಂದದ್ದು ಸಂಸ್ಕೃತದಿಂದ. ಸರಿಯಾದ ಅರಿವಿಗೆ ಆಧಾರವಾದದ್ದು ಎಂದು ಅದರ ಅರ್ಥ. ಉಲ್ಲೇಖದ ಪ್ರತಿ ಸಾಲೂ ಓದುಗನಿಗೆ ಕೊಡಬೇಕಾದದ್ದು ಅದನ್ನೇ.